ಜೀಪಿನ ಹಿಂದಿನ ಕೊಕ್ಕೆ: ಬಂತು, ಹೋಯಿತು, ಮತ್ತೆ ಬರುತ್ತಿದೆ

ಕಳೆದ ಮಳೆಗಾಲದಲ್ಲಿ ನಾವು ಮೂವರು ಮಂಗಳೂರಿನ ಬಲ್ಮಠಕ್ಕೆ ಹೋಗಿದ್ದೆವು. ಹೋದದ್ದು ಜೀಪು ನೋಡಲಿಕ್ಕಲ್ಲ. ಜುಲೈ 1 ಪತ್ರಿಕಾ ದಿನ. 1843ರ ಅದೇ ದಿನ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದು ಕಲ್ಲಚ್ಚಿನಲ್ಲಿ ಅಚ್ಚಾದದ್ದು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಪತ್ರಿಕೋದ್ಯಮ ಓದಿದವರು ಆ ಗುಡ್ಡ ಹತ್ತಿ ಬರುವುದು ಒಂದು ರೀತಿ ಹರಕೆ ಸಲ್ಲಿಸಿದ ಹಾಗೆ.

ಇಳಿದು ಬರುವಾಗ ರಸ್ತೆ ಬದಿಯಲ್ಲಿ ಹಳೆಯ ಜೀಪೊಂದು ನಿಂತಿತ್ತು. ಮೈತುಂಬ ಕೆಸರು. ಹಿಂಬದಿಯಲ್ಲಿ, ಬಂಪರಿನ ಕೆಳಗೆ, ಹೆಬ್ಬೆರಳಿಗಿಂತ ದಪ್ಪದ ಎರಡು ಕಬ್ಬಿಣದ ಬಳೆಗಳು. ಒಂದು ಎಡಕ್ಕೆ, ಒಂದು ಬಲಕ್ಕೆ. ನಮ್ಮಲ್ಲೊಬ್ಬ ಫೋಟೋ ತೆಗೆಯುತ್ತಿದ್ದ. ಅಷ್ಟರಲ್ಲಿ ಜೀಪಿನವರು ಬಂದರು. ಖಾಕಿ ಅಂಗಿ, ಅರುವತ್ತು ದಾಟಿದ ವಯಸ್ಸು, ಬೆಳ್ತಂಗಡಿ ಕಡೆಯವರು.

"ಎಂತ ಮಾರಾಯ್ರೆ, ಹಿಂದಿನ ಫೋಟೋ ತೆಗೀತೀರಿ? ಎಲ್ಲರೂ ಮುಂದಿನದ್ದು ತೆಗೀತಾರೆ" ಅಂದರು.

ಈ ಬಳೆ ಯಾಕೆ ಅಂತ ಕೇಳಿದೆವು. "ಚಂದಕ್ಕಲ್ಲ. ಹೂತು ಹೋದರೆ ಎಳೆಯಲಿಕ್ಕೆ. ಮೊದಲು ಇತ್ತಂತೆ ಜೀಪಿಗೆ. ನಮಗೆ ಸಿಗುವಾಗ ಇರಲಿಲ್ಲ. ನಾನು ಮತ್ತೆ ಹಾಕಿಸಿದ್ದು."

ಮೊದಲು ಇದ್ದದ್ದು ಎಲ್ಲಿಗೆ ಹೋಯಿತು? ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಪತ್ರಿಕಾ ದಿನದ ಲೇಖನ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ಹಗ್ಗ ಎಲ್ಲಿಗೆ ಕಟ್ಟಬೇಕು ಎಂಬುದು ಜೀಪಿಗಿಂತ ಬಹಳ ಹಳೆಯ ವಿಚಾರ. ಘಟ್ಟದ ಕಾಡುಗಳಿಂದ ಸಾಗುವಾನಿ ದಿಮ್ಮಿ ಎಳೆಸುತ್ತಿದ್ದ ಕಾಲದಲ್ಲಿ ದಿಮ್ಮಿಯ ತುದಿಗೆ ಉಳಿಯಿಂದ ಒಂದು ಕಣ್ಣು ಕೊರೆಯುತ್ತಿದ್ದರು. ಆನೆಯ ಸರಪಳಿ ಹೋಗುತ್ತಿದ್ದದ್ದು ಆ ಕಣ್ಣಿನೊಳಗೆ. ಹೊಳೆಗೆ ಬಿಟ್ಟು ತೆಪ್ಪ ಕಟ್ಟುವಾಗಲೂ ಅದೇ ಕಣ್ಣು. ತೊಗಟೆಗೆ ಸುತ್ತಿದರೆ ಸರಪಳಿ ಜಾರುತ್ತದೆ, ತೊಗಟೆ ಕಿತ್ತು ಬರುತ್ತದೆ. ಮರದ ಗಟ್ಟಿ ಭಾಗಕ್ಕೇ ಹಿಡಿತ ಸಿಗಬೇಕು. ನಮ್ಮೂರ ತೇರನ್ನೇ ನೋಡಿ. ಎಷ್ಟು ಎತ್ತರದ ತೇರಾದರೂ ಮಿಣಿಹಗ್ಗ ಕಟ್ಟುವುದು ತಳದ ದಪ್ಪ ತೊಲೆಗೆ. ಮೇಲಿನ ಪತಾಕೆಯ ಚೌಕಟ್ಟಿಗೆ ಹಗ್ಗ ಕಟ್ಟಿ ಎಳೆದವರನ್ನು ನಾವಂತೂ ಕಂಡಿಲ್ಲ.

ಹೀಗೆ ಮರದಲ್ಲಿ ಗೊತ್ತಿದ್ದ ಸಂಗತಿಯನ್ನು ಕಬ್ಬಿಣದಲ್ಲಿ ಕಲಿಯಲು ನಮ್ಮ ಕರಾವಳಿಗೆ ಸ್ವಲ್ಪ ಕಾಲ ಹಿಡಿಯಿತು. ಆ ಕಲಿಕೆಯ ಒಂದು ಬೇರು ಬಾಸೆಲ್ ಮಿಶನ್ನಿನಲ್ಲಿದೆ. ಮಿಶನ್ನಿನವರು ಪುಸ್ತಕ ಅಚ್ಚು ಹಾಕಿ ಸುಮ್ಮನಾಗಲಿಲ್ಲ. ನೇಯ್ಗೆ ತಂದರು, 1865ರಲ್ಲಿ ಹಂಚಿನ ಕಾರ್ಖಾನೆ ತಂದರು, 1874ರಲ್ಲಿ ಮಂಗಳೂರಿನಲ್ಲಿ ಯಂತ್ರಗಳ ವರ್ಕ್‌ಶಾಪ್ ತೆರೆದರು. ಕಬ್ಬಿಣ ಕಾಯಿಸುವುದು, ಬಡಿಯುವುದು, ತೂತು ಕೊರೆದು ಜೋಡಿಸುವುದು ಇಲ್ಲಿನ ಹುಡುಗರಿಗೆ ಕಸುಬಾಯಿತು. ಒಂದನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಶನ್ನಿನ ಉದ್ಯಮಗಳನ್ನು ಶತ್ರು ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಕೈಗೆ ಹತ್ತಿದ ಕಸುಬು ಮಾತ್ರ ಊರಲ್ಲೇ ಉಳಿಯಿತು.

ಜೀಪಿನವರ ಖಾಕಿ ಅಂಗಿಗೂ ಬಲ್ಮಠಕ್ಕೂ ನಂಟಿದೆ. ಮಿಶನ್ನಿನ ನೇಯ್ಗೆಯ ಮುಖ್ಯಸ್ಥ ಜಾನ್ ಹಾಲರ್ 1850ರ ದಶಕದ ಆರಂಭದಲ್ಲಿ ಇಲ್ಲಿ ಖಾಕಿ ಬಣ್ಣ ಕಂಡುಹಿಡಿದರು ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದಕ್ಕೂ ಮೊದಲೇ ವಾಯವ್ಯ ಗಡಿಯ ಗೈಡ್ಸ್ ಪಡೆಯವರು ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಿದ್ದರು ಎಂಬ ವಾದವೂ ಇದೆ. ಜಗಳ ಬೇಡ. ಮೋಟಾರು ಬರುವ ಹೊತ್ತಿಗೆ ಡ್ರೈವರಿನ ಅಂಗಿ ಸಿದ್ಧವಾಗಿತ್ತು ಅಂದರೆ ಸಾಕು.

ಮೋಟಾರೂ ಬಂತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ನಮ್ಮ ಅಜ್ಜಂದಿರ ಬಾಯಲ್ಲಿ 'ಸಿ.ಪಿ.ಸಿ.', ಬಸ್ಸು ಓಡಿಸತೊಡಗಿತು. ಮಣ್ಣಿನ ರಸ್ತೆ, ಸೇತುವೆ ಇಲ್ಲದ ಹೊಳೆಗಳು, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಪಾಟಾ ಮುರಿಯುವುದು ದಿನನಿತ್ಯದ ಮಾತು. 1940ರ ದಶಕದಲ್ಲಿ ವಿ.ಎಸ್. ಕುಡ್ವ ಅವರ ಕೆನರಾ ವರ್ಕ್‌ಶಾಪ್ಸ್ ಮಂಗಳೂರಿನಲ್ಲೇ ಪಾಟಾ ತಯಾರಿಸತೊಡಗಿತು. ನಮ್ಮ ರಸ್ತೆಗಳು ಎಷ್ಟು ಕೆಟ್ಟದಾಗಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಜೀಪಿನ ಕತೆ. 1940ರಲ್ಲಿ ಅಮೆರಿಕದ ಸೇನೆಗೆ ನಾಲ್ಕೂ ಚಕ್ರ ಎಳೆಯುವ ಸಣ್ಣ ಗಾಡಿ ಬೇಕಾಗಿತ್ತು. ಬ್ಯಾಂಟಮ್, ವಿಲ್ಲಿಸ್, ಫೋರ್ಡ್ ಮೂರು ಕಂಪೆನಿಗಳು ಮಾದರಿ ಮಾಡಿಕೊಟ್ಟವು. ಕೊನೆಗೆ ನಿಂತದ್ದು ವಿಲ್ಲಿಸ್ ಮಾದರಿ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದ್ದವು. ತೂಕ ಸುಮಾರು 1,100 ಕಿಲೋ.

ಆ ಜೀಪಿನ ಹಿಂಬದಿಯಲ್ಲಿ ಒಂದು ಕೊಕ್ಕೆ ಇತ್ತು. ಪಿಂಟಲ್ ಹುಕ್ ಅಂತ ಹೆಸರು. ಬಾಯಿ ತೆರೆದು ಬಳೆಯೊಂದನ್ನು ಕಚ್ಚಿ ಮತ್ತೆ ಮುಚ್ಚಿಕೊಳ್ಳುವ ದವಡೆಯ ಹಾಗೆ. ಕಾಲು ಟನ್ನಿನ ಟ್ರೈಲರನ್ನು, 37 ಮಿಲಿಮೀಟರ್ ಫಿರಂಗಿಯನ್ನು ಅದಕ್ಕೇ ಸಿಕ್ಕಿಸಿ ಎಳೆಯುತ್ತಿದ್ದರು. ನಮಗೆ ಮುಖ್ಯ ಅನ್ನಿಸಿದ್ದು ಕೊಕ್ಕೆಗಿಂತ ಅದರ ಹಿಂದಿನ ಏರ್ಪಾಡು. ಚಾಸಿಯ ಕೊನೆಯ ಅಡ್ಡಪಟ್ಟಿಗೆ ಒಳಗಿನಿಂದ ಇಂಗ್ಲಿಷಿನ 'ಕೆ' ಅಕ್ಷರದ ಆಕಾರದಲ್ಲಿ ಆಧಾರ ಕೊಟ್ಟಿದ್ದರು. ಕೊಕ್ಕೆಯನ್ನು ಎಳೆದಾಗ ಭಾರ ಅಡ್ಡಪಟ್ಟಿಯೊಂದರ ಮೇಲೆ ನಿಲ್ಲದೆ ಎರಡೂ ಬದಿಯ ಉದ್ದನೆಯ ಚಾಸಿಗೆ ಹಂಚಿಹೋಗುತ್ತಿತ್ತು. ದಿಮ್ಮಿಯ ಕಣ್ಣಿನ ಹಾಗೇ, ಹಿಡಿತ ಇದ್ದದ್ದು ಮೂಳೆಗೆ, ಚರ್ಮಕ್ಕಲ್ಲ.

ಎತ್ತುವುದು ಎಳೆಯುವುದಕ್ಕಿಂತ ಬೇರೆ. ಯುದ್ಧಕಾಲದ ಚಿತ್ರಗಳಲ್ಲಿ ಜೀಪುಗಳನ್ನು ಹಡಗಿಗೆ ಏರಿಸುವಾಗ ಚಕ್ರಗಳಿಗೆ ಹಗ್ಗ, ಬಲೆ ಸುತ್ತಿ ಕ್ರೇನಿಗೆ ನೇತು ಹಾಕಿರುವುದು ಕಾಣುತ್ತದೆ. 1950ರ ದಶಕದ ಎಂ-38 ಸಾಲಿನ ಸೇನಾ ಜೀಪುಗಳಿಗೆ ಮುಂದೆ, ಹಿಂದೆ ಎತ್ತುವ ಬಳೆಗಳನ್ನೇ ಕೊಟ್ಟರು. ಬ್ರಿಟನ್ನಿನಲ್ಲಿ ಲ್ಯಾಂಡ್ ರೋವರುಗಳನ್ನು ವಿಮಾನದ ನೆಲಕ್ಕೆ ಬಿಗಿಯಲು, ಹೆಲಿಕಾಪ್ಟರಿನ ಕೆಳಗೆ ತೂಗಾಡಿಸಿ ಒಯ್ಯಲು ಚಾಸಿಗೇ ಬೋಲ್ಟು ಮಾಡುವ ಬಳೆಗಳು ಬಂದವು. ಅವುಗಳನ್ನು ಪರೀಕ್ಷಿಸಿದ ವಾಯುಸಾರಿಗೆ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಅವಕ್ಕೆ 'ಜೇಟ್ ರಿಂಗ್' ಎಂದು ಹೆಸರಾಯಿತು. ಬಲ್ಮಠದಲ್ಲಿ ನಾವು ಕಂಡ ಬಳೆಗಳು ದೂರದ ಸಂಬಂಧದಲ್ಲಿ ಇವುಗಳ ಮೊಮ್ಮಕ್ಕಳು.

ನಮ್ಮ ದೇಶದಲ್ಲಿ ಮಹೀಂದ್ರಾದವರು 1949ರಲ್ಲಿ ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು, ಬ್ಲಾಕುಗಳು ಬಂದವು, ಬ್ಲಾಕಿಗೊಂದು ಜೀಪು ಬಂತು. ಬಿಡಿಓ ಸಾಹೇಬರ ಜೀಪು, ಮಲೇರಿಯಾ ಔಷಧಿ ಹೊಡೆಯುವವರ ಜೀಪು, ಚುನಾವಣೆಯ ಜೀಪು. ಮಕ್ಕಳು ಹಿಂದೆ ಓಡಿದ್ದು ಈ ಜೀಪುಗಳ ಹಿಂದೆಯೇ.

ಆಮೇಲೆ ಅದು ಜನರ ಕೈಗೆ ಬಂತು. ಬೆಳ್ತಂಗಡಿ, ಸುಳ್ಯ, ಪುತ್ತೂರು, ಘಟ್ಟದ ಮೇಲೆ ಮೂಡಿಗೆರೆ, ಹೊಸನಗರ, ಬಸ್ಸು ಹೋಗದ ಕಡೆಗೆಲ್ಲ ಸರ್ವಿಸ್ ಜೀಪು. ನಮ್ಮಲ್ಲಿ ಹಲವರು ಹೈಸ್ಕೂಲಿಗೆ ಹೋದದ್ದು ಅದರಲ್ಲೇ. ಒಳಗೆ ಹತ್ತು ಹನ್ನೆರಡು ಮಂದಿ, ಹಾಲಿನ ಕ್ಯಾನು, ಅಡಿಕೆ ಗೋಣಿ, ಹಿಂದೆ ನೇತಾಡುವವರು ನಾಲ್ಕೈದು. ನೇತಾಡುವವರಿಗೆ ಕಾಲಿಡಲು ಜಾಗ ಬೇಕಲ್ಲ? ನಾವು ಕಂಡ ಜೀಪುಗಳಲ್ಲೆಲ್ಲ ಬಾಡಿಯನ್ನು ಹಿಂದಕ್ಕೆ ಉದ್ದ ಮಾಡಿ, ಕೊಕ್ಕೆ ಇರಬೇಕಾದ ಕಡೆ ಕಬ್ಬಿಣದ ಮೆಟ್ಟಿಲು ಕೂರಿಸಿದ್ದರು. ಸೇನೆಯಲ್ಲಿ ಫಿರಂಗಿ ಎಳೆದ ಜಾಗದಲ್ಲಿ ನಮ್ಮೂರಿನಲ್ಲಿ ಮನುಷ್ಯರ ಕಾಲು. ಇದನ್ನು ತಪ್ಪು ಅಂತ ನಾವು ಹೇಳುವುದಿಲ್ಲ. ಬಸ್ಸಿಲ್ಲದ ಊರಿಗೆ ಆ ಮೆಟ್ಟಿಲೇ ದೊಡ್ಡ ಉಪಕಾರ. ಆದರೆ ಕೊಕ್ಕೆ ಹೋಗಿತ್ತು.

ಮಳೆಗಾಲದಲ್ಲಿ ಜೀಪು ಹೂತಾಗ ಹಗ್ಗ ಎಲ್ಲಿಗೆ ಕಟ್ಟುವುದು? ಕಂಡಲ್ಲಿಗೆ. ಮೆಟ್ಟಿಲಿಗೆ, ಬಂಪರಿಗೆ, ಹಿಂದಿನ ಆಕ್ಸಲಿಗೆ, ಪಾಟಾ ನೇತಾಡುವ ಕೊಂಡಿಗೆ.

ನಮ್ಮಲ್ಲೊಬ್ಬನ ಊರಿನಲ್ಲಿ ನಡೆದದ್ದನ್ನು ಹೇಳುತ್ತೇವೆ. ಗದ್ದೆ ಬದಿಯ ದಾರಿಯಲ್ಲಿ ಜೀಪು ಹೂತಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹಿಂದಿನ ಮೆಟ್ಟಿಲಿಗೆ ಬಿಗಿದರು. ನಿಧಾನ ಎಳೆದಾಗ ಬರಲಿಲ್ಲ. ಟ್ರ್ಯಾಕ್ಟರನ್ನು ಸ್ವಲ್ಪ ಹಿಂದೆ ತಂದು, ಹಗ್ಗ ಸಡಿಲ ಬಿಟ್ಟು, ಒಮ್ಮೆಲೇ ಜಗ್ಗಿದರು. ಮೆಟ್ಟಿಲು ವೆಲ್ಡಿಂಗ್ ಕಿತ್ತು ಹಾರಿತು. ಬದಿಯಲ್ಲಿ ನಿಂತು ನೋಡುತ್ತಿದ್ದ ಹುಡುಗನ ಮೊಣಕಾಲಿನ ಕೆಳಗೆ ಬಡಿಯಿತು. ಎಲುಬು ಎರಡು ಕಡೆ ಮುರಿದಿತ್ತು. ಈಗಲೂ ಅವನು ಕುಂಟುತ್ತಾನೆ. ಎರಡಡಿ ಮೇಲೆ ಬಡಿದಿದ್ದರೆ ಏನಾಗುತ್ತಿತ್ತು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

ಅವತ್ತು ಯಾರೂ ಬೇಜವಾಬ್ದಾರಿ ಮಾಡಿದ್ದಲ್ಲ. ಕೆಸರು ಎಷ್ಟು ಬಲವಾಗಿ ಹಿಡಿದಿರುತ್ತದೆ ಎಂಬ ಅಂದಾಜು ಇರಲಿಲ್ಲ, ಅಷ್ಟೇ. ಸೇನೆಯವರ ಹಳೆಯ ಲೆಕ್ಕವೊಂದಿದೆ: ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಮಡ್ಗಾರ್ಡ್ ಮಟ್ಟಕ್ಕೆ ಹೂತರೆ ಎರಡರಷ್ಟು, ಕ್ಯಾಬಿನ್ ಮಟ್ಟಕ್ಕೆ ಮೂರರಷ್ಟು. ಜನ, ಸಾಮಾನು ಸೇರಿ ಒಂದೂವರೆ ಟನ್ನಿನ ಜೀಪು ಮಡ್ಗಾರ್ಡ್ ಮುಟ್ಟುವಷ್ಟು ಹೂತಿದ್ದರೆ ಮೂರು ಟನ್ನು ಎಳೆಯಬೇಕು. ಏರು ಇದ್ದರೆ ಇನ್ನೂ ಹೆಚ್ಚು. ಜಗ್ಗಿ ಎಳೆದರೆ ಅದರ ಮೇಲೆ ಹೊಡೆತದ ಬಲ ಬೇರೆ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಕಾಲಿಡಲು ಮಾಡಿದ ಮೆಟ್ಟಿಲು ಇದನ್ನು ಎಲ್ಲಿ ತಾಳೀತು?

ಹಿಂದೆಯೇ ಯಾಕೆ ಬೇಕು ಅಂತ ಕೇಳಬಹುದು. ಗಾಡಿ ಹೂಳುವುದು ಮುಂದೆ ಹೋಗುವಾಗ. ಮುಂದಿನ ನೆಲ ಹೇಗಿದೆಯೋ ಗೊತ್ತಿಲ್ಲ, ಹಿಂದಿನ ನೆಲದ ಮೇಲೆ ಈಗಷ್ಟೇ ಬಂದಿದ್ದೇವೆ. ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಸಿಕೊಳ್ಳುವುದು ಎಷ್ಟೋ ಸಲ ಸುಲಭ. ನಮ್ಮ ಜನ ಮಾತ್ರ ದುಡ್ಡು ಸುರಿದದ್ದು ಮುಂಭಾಗಕ್ಕೆ. ಫಳಫಳ ಹೊಳೆಯುವ ಪೈಪಿನ ಬುಲ್ ಬಾರ್ ಬಂತು, ಅದಕ್ಕೆ ಲೈಟು ಬಂತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅಂಥ ಗಾರ್ಡುಗಳ ಮೇಲೆ ಕ್ರಮ ತೆಗೆದುಕೊಳ್ಳಲು ರಾಜ್ಯಗಳಿಗೆ ಬರೆಯಿತು. ಪಾದಚಾರಿಗೆ ಅಪಾಯ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂಬ ಕಾರಣಕ್ಕೆ. ಆ ಪೈಪುಗಳಲ್ಲಿ ಎಷ್ಟೋ ಎಳೆಯುವ ಹಗ್ಗ ಕಟ್ಟಲೂ ಲಾಯಕ್ಕಿರಲಿಲ್ಲ ಅನ್ನುವುದು ನಮ್ಮ ಹೊಟ್ಟೆಯುರಿ.

ಕೊಕ್ಕೆ ಮತ್ತೆ ಬಂದದ್ದು ಎರಡು ದಾರಿಯಲ್ಲಿ. ಒಂದು, ಸೇನೆಯ ಹರಾಜು. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1969ರಿಂದ 1999ರವರೆಗೆ ತಯಾರಾದ ಜೋಂಗಾ ಗಾಡಿಗಳು ಸೇನೆಯಿಂದ ಹೊರಬಿದ್ದಾಗ ತೋಟದವರ ಕೈಗೂ ಬಂದವು. ಎಳೆಯಲು ಬೇಕಾದ ಗಟ್ಟಿ ಕೊಕ್ಕೆ ಹೇಗಿರುತ್ತದೆ ಎಂದು ಊರಿನ ಗ್ಯಾರೇಜಿನವರು ಅದರಲ್ಲಿ ಕಣ್ಣಾರೆ ಕಂಡರು. ಇನ್ನೊಂದು ದಾರಿ ಪ್ರವಾಸಿಗರದು. ಕೊಡಚಾದ್ರಿಯನ್ನೇ ತೆಗೆದುಕೊಳ್ಳಿ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರು ಕಡೆಯಿಂದ ಜೀಪುಗಳು ಹತ್ತುತ್ತವೆ. ಕೊನೆಯ ಕೆಲವು ಕಿಲೋಮೀಟರ್ ದಾರಿ ಅನ್ನುವುದಕ್ಕಿಂತ ನೀರು ಕೊರೆದ ಚರಂಡಿ. ಮಳೆಗಾಲದಲ್ಲಿ ಟಯರಿಗೆ ಸರಪಳಿ ಸುತ್ತಿ ಹತ್ತಿಸುತ್ತಾರೆ. ಅಂಥಲ್ಲಿ ಒಂದು ಜೀಪು ಸಿಕ್ಕಿಬಿದ್ದರೆ ಹಿಂದಿನದ್ದೂ ನಿಂತಿತು. ಒಬ್ಬರನ್ನೊಬ್ಬರು ಎಳೆದುಕೊಳ್ಳದೆ ಅಲ್ಲಿ ದುಡಿಮೆ ಇಲ್ಲ.

ಬಲ್ಮಠದಲ್ಲಿ ಸಿಕ್ಕವರು ತಮ್ಮ ಜೀಪಿಗೆ ಬಳೆ ಹಾಕಿಸಿದ ಬಗೆ ವಿವರಿಸಿದರು. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬಗ್ಗಿಸಿ ತೋರಿಸಿದರು.

ಮೊದಲು ಚಾಸಿಯ ತುಕ್ಕು ಕೆರೆಸಿ ಸುತ್ತಿಗೆಯಿಂದ ಬಡಿದು ನೋಡಿದ್ದರಂತೆ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ತಿಂದಿದೆ. ತಿಂದ ಚಾಸಿಗೆ ಎಂಥ ಬಳೆ ಹಾಕಿದರೂ ಬಳೆ ಉಳಿದು ಚಾಸಿ ಹರಿಯುತ್ತದೆ. ಚಾಸಿ ಪೆಟ್ಟಿಗೆಯಂತೆ ಟೊಳ್ಳಾಗಿರುವ ಕಡೆ ಬೋಲ್ಟು ಬಿಗಿದರೆ ಎರಡೂ ಗೋಡೆ ಒಳಕ್ಕೆ ಅಪ್ಪಚ್ಚಿಯಾಗುತ್ತವೆ. ಅದಕ್ಕೆ ಒಳಗೆ ಅಳತೆಗೆ ಕತ್ತರಿಸಿದ ದಪ್ಪ ಪೈಪಿನ ತುಂಡು ಇಟ್ಟು, ಅದರೊಳಗಿಂದ ಬೋಲ್ಟು ದಾಟಿಸಿದ್ದಾರೆ. ವಾಷರಿನ ಬದಲು ಅಂಗೈಯಗಲದ ಪ್ಲೇಟು. ಬೋಲ್ಟಿನ ತಲೆಯ ಮೇಲೆ 8.8 ಎಂದು ಬರೆದಿತ್ತು.

ಆ ಅಂಕಿಗೆ ಅರ್ಥವಿದೆ. 12 ಮಿಲಿಮೀಟರ್ ದಪ್ಪದ 8.8 ಬೋಲ್ಟನ್ನು ನೇರ ಎಳೆದು ತುಂಡು ಮಾಡಲು ಸುಮಾರು ಆರೂವರೆ ಟನ್ನಿಗಿಂತ ಹೆಚ್ಚು ಬೇಕು. ಗೇಟಿಗೆ, ಶೀಟಿಗೆ ಹಾಕುವ 4.6 ಬೋಲ್ಟು ಅದರ ಅರ್ಧಕ್ಕೆ ಹೋಗುತ್ತದೆ. ಅಡ್ಡ ಕತ್ತರಿಸುವ ಬಲಕ್ಕಾದರೆ ಎರಡೂ ಇನ್ನೂ ಕಡಿಮೆ ತಾಳುತ್ತವೆ. ಅಂಗಡಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಬೆಲೆಯಲ್ಲಿ ಒಂದು ಚಾ ಕುಡಿಯುವಷ್ಟು ವ್ಯತ್ಯಾಸ.

"ವೆಲ್ಡಿಂಗ್ ಮಾಡಿದ್ದರೆ ಬೇಗ ಆಗ್ತಿತ್ತಲ್ಲ?" ನಾವು ಕೇಳಿದೆವು.

"ಬೇಗ ಆಗ್ತಿತ್ತು, ಬೇಗ ಬಿಡ್ತಿತ್ತು" ಅಂದು ನಕ್ಕರು. ಒಳ್ಳೆಯ ವೆಲ್ಡಿಂಗ್ ಕೂಡ ಗಟ್ಟಿಯೇ, ಅದು ಮಾಡುವವರ ಕೈಯ ಮೇಲೆ. ಆದರೆ ಹಳೆ ಚಾಸಿಯ ತುಕ್ಕಿನ ಮೇಲೆ ಹಾಕಿದ ವೆಲ್ಡಿಂಗ್ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೋಲ್ಟು ಸಡಿಲವಾದರೆ ಕೈಗೆ ಗೊತ್ತಾಗುತ್ತದೆ.

ಎರಡು ಬಳೆ ಯಾಕೆ ಅನ್ನುವುದಕ್ಕೂ ಕಾರಣ ಕೊಟ್ಟರು. ಒಂದೇ ಮೂಲೆಯಿಂದ ಎಳೆದರೆ ಚಾಸಿ ಓರೆಯಾಗುತ್ತದೆ. ಎರಡೂ ಬಳೆಗೆ ಒಂದು ಬೆಲ್ಟು ಹಾಕಿ, ಅದರ ನಡುವಿನಿಂದ ಎಳೆದರೆ ಭಾರ ಹಂಚುತ್ತದೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕುವುದು ಅವರ ರೂಢಿ. ತುಂಡಾದರೆ ಹಾರದೆ ಬೀಳಲಿ ಅಂತ. ನೋಡುವವರನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸದೆ ಅವರು ಎಳೆಯುವುದೇ ಇಲ್ಲವಂತೆ.

ಎತ್ತುವ ವಿಷಯದಲ್ಲಿ ಅವರು ಇನ್ನೂ ಹುಷಾರು. ಕೆಸರಲ್ಲಿ ಉದ್ದ ಜ್ಯಾಕಿನಿಂದ ಹಿಂಭಾಗ ಎತ್ತಿ ಚಕ್ರದ ಅಡಿಗೆ ಕಲ್ಲು, ಹಲಗೆ ತುಂಬಬೇಕಾಗುತ್ತದೆ. ಬಂಪರಿನ ಅಂಚಿಗೆ ಜ್ಯಾಕ್ ಕೊಟ್ಟರೆ ಜಾರುತ್ತದೆ. ಅದಕ್ಕೆ ಬಳೆಯ ಪಕ್ಕದ ಪ್ಲೇಟಿನಲ್ಲೇ ಜ್ಯಾಕಿನ ನಾಲಿಗೆ ಕೂರುವಷ್ಟು ಸೀಳು ಬಿಡಿಸಿದ್ದರು. "ಎತ್ತಿದ ಗಾಡಿಯ ಅಡಿಗೆ ಕೈ ಹಾಕಬಾರದು. ಹಲಗೆಯನ್ನು ಕೋಲಿನಿಂದ ತಳ್ಳಬೇಕು" ಎಂದು ಎರಡು ಸಲ ಹೇಳಿದರು.

ಹೊಸ ಕಾರುಗಳಿಗೆ ಹಿಂದೆ ಕೊಕ್ಕೆ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ತಿರುಗಿಸಿ ಕೂರಿಸುವ ಆ ಸಣ್ಣ ಕಣ್ಣು, ಕೆಟ್ಟು ನಿಂತ ಕಾರನ್ನು ಚೆನ್ನಾಗಿರುವ ರಸ್ತೆಯಲ್ಲಿ ನಿಧಾನ ಎಳೆಯಲು. ಕೆಲವು ಗಾಡಿಗಳ ಅಡಿಯಲ್ಲಿರುವ ತೆಳ್ಳಗಿನ ಕೊಂಡಿಗಳು ಲಾರಿಯಲ್ಲಿ ಸಾಗಿಸುವಾಗ ಕಟ್ಟಿಹಾಕಲು. ಟ್ರೈಲರಿಗೆಂದು ಹಾಕಿಸಿದ ಗುಂಡು ಕೊಕ್ಕೆಯೂ ಜಗ್ಗಿ ಎಳೆಯಲು ಅಲ್ಲ. ಅದು ಕಿತ್ತು ಗುಂಡಿನಂತೆ ಹಾರಿ ಜನ ಸತ್ತದ್ದಿದೆ. ಹೊಸದಾಗಿ ಏನಾದರೂ ಹಾಕಿಸುವವರು ಅದು ಬಾಡಿಯಿಂದ ಹೊರಗೆ ಚಾಚದಂತೆ ನೋಡಿಕೊಳ್ಳಿ, ಮೊದಲೇ ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿ.

ಇದನ್ನು ಬರೆಯುವಾಗ ನಮ್ಮ ಮನಸ್ಸಿನಲ್ಲಿ ಶಿರೂರು ಕೂಡ ಇತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕೇರಳದ ಚಾಲಕನಿದ್ದ ಲಾರಿ ಗಂಗಾವಳಿ ಹೊಳೆಯ ಪಾಲಾಯಿತು. ಗೋವಾದಿಂದ ಡ್ರೆಜರ್ ತಂದು, ಸೆಪ್ಟೆಂಬರ್ 25ರಂದು ಕ್ಯಾಬಿನ್ ಮೇಲೆತ್ತುವಾಗ 71 ದಿನ ಕಳೆದಿತ್ತು. ಅಂಥ ದುರಂತದಲ್ಲಿ ಕೊಕ್ಕೆಯೊಂದು ಜೀವ ಉಳಿಸುತ್ತಿತ್ತು ಎಂದು ಹೇಳುವಷ್ಟು ಮೂರ್ಖರು ನಾವಲ್ಲ. ಆದರೆ ರಾಡಿ ನೀರಿಗೆ ಇಳಿದವನು ಹಗ್ಗ ಕಟ್ಟುವ ಜಾಗವನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕೈಯಿಂದ ತಡವಿ ಹುಡುಕುತ್ತಾನೆ. ಅವನ ಕೈಗೆ ಮೊದಲು ಸಿಗುವುದು ಬಂಪರೋ ಚಾಸಿಯೋ ಎಂಬುದು ಆಗ ಸಣ್ಣ ವಿಷಯವಲ್ಲ.

ಮಾತು ಮುಗಿಯುವಾಗ ಮಳೆ ಮತ್ತೆ ಹನಿಯತೊಡಗಿತ್ತು. ಎಡಗಡೆಯ ಬಳೆಯ ಒಳಮೈ ಬಣ್ಣ ಹೋಗಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಎಷ್ಟು ಸಲ ಎಳೆಸಿಕೊಂಡಿರಿ ಅಂತ ಕೇಳಿದೆವು.

"ನಾನು ಎಳೆಸಿಕೊಂಡದ್ದು ಎರಡು ಸಲ. ಬಾಕಿ ಎಲ್ಲ ಬೇರೆಯವರನ್ನು ಎಳೆದದ್ದು" ಅಂದರು. ಜೀಪು ಸ್ಟಾರ್ಟ್ ಮಾಡಿ ಕಂಕನಾಡಿ ಕಡೆಗೆ ಹೊರಟರು. ಹಿಂದಿನ ಮೆಟ್ಟಿಲು ಇನ್ನೂ ಹಾಗೇ ಇತ್ತು, ಬಳೆಗಳ ಮೇಲೆ, ಸವೆದು ನುಣುಪಾಗಿ.